ಕ್ಲಚ್ ಹಿಡಿದಿದ್ದಾಗಲೇ ನುಗ್ಗಿದ ಗಾಡಿಯ ಬಗ್ಗೆ ಮೇಸ್ತ್ರಿಯ ಹೇಳಿಕೆ

ಊರಿನವರೆಲ್ಲ ಮೇಸ್ತ್ರಿ ಎಂದೇ ಕರೆಯುವ ನಾನು, ವಯಸ್ಸು 57 ವರ್ಷ, ಕಸುಬು ಮೋಟಾರ್‌ಸೈಕಲ್ ರಿಪೇರಿ, ವಾಸ ಹಳೆ ಬಸ್ ಡಿಪೋ ಹಿಂದಿನ ರಸ್ತೆ, ಕೆಳಗೆ ಗ್ಯಾರೇಜು ಮೇಲೆ ಮನೆ, ಇಂದು ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೂವತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡು ಬಂದಿರುತ್ತೇನೆ. ಮನೆಯಲ್ಲಿ ನನ್ನ ಹೆಂಡತಿ ಮತ್ತು 81 ವರ್ಷದ ತಾಯಿ ಇರುತ್ತಾರೆ. ತಾಯಿಯವರು ಸೊಂಟ ಮುರಿದು ಒಂದೂವರೆ ವರ್ಷದಿಂದ ಹಾಸಿಗೆ ಹಿಡಿದಿದ್ದು, ಬೆನ್ನಿನಲ್ಲಿ ಹುಣ್ಣಾಗಿರುತ್ತದೆ. ಅದನ್ನು ತೊಳೆದು ಪಟ್ಟಿ ಕಟ್ಟಲು ಆಸ್ಪತ್ರೆಯಿಂದ ಒಬ್ಬ ನರ್ಸ್ ದಿನ ಬಿಟ್ಟು ದಿನ ಬರುತ್ತಾರೆ. ಅವರ ವಯಸ್ಸು ಸುಮಾರು 34. ನಾವು ಅವರನ್ನು ಸಿಸ್ಟರ್ ಎನ್ನುತ್ತೇವೆ, ಅವರು ನನ್ನನ್ನು ಅಣ್ಣ ಎನ್ನುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮನೆಗಳಿಗೆ ತಮ್ಮ ಮೋಟಾರ್‌ಸೈಕಲ್‌ನಲ್ಲೇ ಹೋಗಿಬರುತ್ತಾರೆ. ಮಾರ್ಚ್ 6ರ ಅಪಘಾತದ ಈ ಪ್ರಕರಣದಲ್ಲಿ ಆರೋಪಿ ಎಂದು ಬರೆದಿರುವುದು ಅವರನ್ನೇ.

ಡಿಸೆಂಬರ್ 9ರಂದು ಅವರ ಗಾಡಿಯ ಕ್ಲಚ್ ಪ್ಲೇಟುಗಳು ಸವೆದಿದ್ದರಿಂದ ನಾನೇ ಹೊಸವನ್ನು ಹಾಕಿದೆನು. ಪ್ಲೇಟುಗಳು ಕೂರುವ ಡಬ್ಬಿಗೆ ನಾವು ಹೌಸಿಂಗ್ ಎನ್ನುತ್ತೇವೆ. ಪ್ಲೇಟಿನ ಹಲ್ಲುಗಳು ಬಡಿದು ಬಡಿದು ಅದರ ಅಂಚಿನಲ್ಲಿ ಕಚ್ಚುಗಳು ಬಿದ್ದಿದ್ದವು. ಹೆಬ್ಬೆರಳಿನಿಂದ ಸವರಿ ನೋಡಿದೆನು. ಅದನ್ನೂ ಬದಲಿಸಬೇಕಾಗಿತ್ತು. ಹೊಸದನ್ನು ತರಿಸಲು ನಾಲ್ಕು ದಿನ ಬೇಕು, ಸಿಸ್ಟರ್‌ಗೆ ಗಾಡಿ ಮಾರನೆಯ ದಿನವೇ ಬೇಕು. ಇನ್ನೊಂದು ವರ್ಷ ಓಡುತ್ತದೆ ಎಂದುಕೊಂಡು ಮುಚ್ಚಿದೆನು. ಅವರಿಗೆ ಹೇಳಲಿಲ್ಲ.

ಫೆಬ್ರವರಿ 3ರಂದು ಬೆಳಿಗ್ಗೆ ಸುಮಾರು 8 ಗಂಟೆಗೆ ತಾಯಿಗೆ ಪಟ್ಟಿ ಕಟ್ಟಿ ಕೆಳಗಿಳಿದ ಸಿಸ್ಟರ್, ಗೇರು ನ್ಯೂಟ್ರಲ್‌ಗೆ ಬರುತ್ತಿಲ್ಲವೆಂದೂ, ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದು ನಿಂತರೂ ಎಂಜಿನ್ ಆಫ್ ಆಗುತ್ತದೆಂದೂ, ಬೆಳಿಗ್ಗೆ ಚೆನ್ನಾಗಿಯೇ ಇದ್ದು ನಾಲ್ಕೈದು ಮನೆ ಸುತ್ತಿದ ಮೇಲೆ ಹೀಗಾಗುತ್ತದೆಂದೂ ತಿಳಿಸಿದರು. ಈ ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಬಲ್ ಬಿಗಿ ಮಾಡಿ, ತಣ್ಣಗಿದ್ದ ಗಾಡಿಯನ್ನು ಇನ್ನೂರು ಅಡಿ ಓಡಿಸಿ, ಸರಿಯಿದೆ ಎಂದು ಕೊಟ್ಟೆನು.

ಫೆಬ್ರವರಿ 17ರಂದು ಅದೇ ದೂರು ಹೇಳಿದರು. ಎಂಜಿನ್ ಆಫ್ ಆಗುವುದೇ ತೊಂದರೆಯಾದರೆ ಆಗದ ಹಾಗೆ ಮಾಡೋಣವೆಂದು ಐಡ್ಲಿಂಗ್ ಸ್ಕ್ರೂ ತಿರುಗಿಸಿ, ಗಾಡಿ ನಿಂತಿದ್ದಾಗಿನ ಎಂಜಿನ್ನಿನ ಓಟ ಹೆಚ್ಚಿಸಿದೆನು. ಆಫ್ ಆಗುವುದು ನಿಂತಿತು. ರೋಗ ಹಾಗೇ ಉಳಿಯಿತು, ರೋಗಿಯ ಬಾಯಿ ಮುಚ್ಚಿಸಿದಂತಾಯಿತು.

ಮಾರ್ಚ್ 3ರಂದು ಮೂರನೇ ಸಲ ಬಂದರು. “ಅಣ್ಣ, ಈಗ ಆಫ್ ಆಗಲ್ಲ, ಮುಂದಕ್ಕೆ ತಳ್ಳುತ್ತೆ. ಕ್ಲಚ್ ಪೂರ್ತಿ ಹಿಡಿದೇ ಇರ್ತೀನಿ” ಎಂದರು. ಆಗ ಗ್ಯಾರೇಜಿನಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ನಾನು, “ಗಾಡಿ ಗುಂಡುಕಲ್ಲಿನ ಹಾಗಿದೆ ಸಿಸ್ಟರ್. ಕೈ ಸೋತಾಗ ನಿಮಗೇ ಗೊತ್ತಾಗದ ಹಾಗೆ ಬಿಟ್ಟುಬಿಡ್ತೀರ. ಹೆಂಗಸರ ಕೈಗೆ ಇದು ಆಗಿಬರಲ್ಲ, ಸ್ಕೂಟರ್ ತಗೊಳ್ಳಿ” ಎಂದೆನು. ಗಿರಾಕಿಗಳು ನಕ್ಕರು. ಸಿಸ್ಟರ್ ನಗಲಿಲ್ಲ. ಎಡಗೈಯನ್ನು ಒಮ್ಮೆ ಮಡಿಸಿ ಬಿಡಿಸಿ ನೋಡಿಕೊಂಡು ಗಾಡಿ ಹತ್ತಿ ಹೋದರು.

ಮಾರ್ಚ್ 6ರಂದು ಬೆಳಿಗ್ಗೆ 11.40ಕ್ಕೆ, ಗ್ಯಾರೇಜಿನಿಂದ ಸುಮಾರು ಮುನ್ನೂರು ಮೀಟರ್ ದೂರದ ಸಿಗ್ನಲ್‌ನಲ್ಲಿ ಗಲಾಟೆ ಕೇಳಿ ಓಡಿದೆನು. ಅಲ್ಲಿ ಫುಟ್‌ಪಾತಿನ ಮೇಲೆ ಕುಳಿತು ಬೀಗಗಳಿಗೆ ಚಾವಿ ಮಾಡಿಕೊಡುವ, ಎಲ್ಲರೂ ಚಾವಿ ತಾತ ಎನ್ನುವ ಮುದುಕರು ರಸ್ತೆಯಲ್ಲಿ ಬಿದ್ದಿದ್ದರು. ಕೆಂಪು ದೀಪಕ್ಕೆ ನಿಂತಿದ್ದ ಸಿಸ್ಟರ್ ಗಾಡಿ, ತಾತ ದಾಟುತ್ತಿದ್ದಾಗ ಇದ್ದಕ್ಕಿದ್ದಂತೆ ನುಗ್ಗಿತೆಂದು ಜನ ಹೇಳುತ್ತಿದ್ದರು. ಅವರ ಎಡಗಾಲಿನ ಮೂಳೆ ಮುರಿದಿತ್ತು. ಸಿಸ್ಟರ್ ರಸ್ತೆಯಲ್ಲೇ ಕುಳಿತು, ತಾತನ ಛತ್ರಿಯನ್ನೇ ಕಾಲಿಗೆ ಆಸರೆಯಾಗಿ ಇಟ್ಟು ಪಟ್ಟಿ ಸುತ್ತುತ್ತಿದ್ದರು. ಅವರ ಕೈ ನಡುಗುತ್ತಿರಲಿಲ್ಲ. ಹೆಂಗಸರಿಗೆ ಈ ಗಾಡಿಯೆಲ್ಲ ಯಾಕೆ ಬೇಕು ಎಂದು ಯಾರೋ ಅಂದರು. ನಾನು ಗುಂಪಿನ ಹಿಂದೆ ನಿಂತಿದ್ದೆನು. ಹಾಗೇ ಗ್ಯಾರೇಜಿಗೆ ವಾಪಸ್ ಬಂದೆನು.

7ರಂದು ಸಿಸ್ಟರ್ ನಮ್ಮ ಮನೆಗೆ ಬರಲಿಲ್ಲ. 9ರಂದು ಬೆಳಿಗ್ಗೆ 7.30ಕ್ಕೆ ನಡೆದುಕೊಂಡು ಬಂದರು. ಕೇಸು ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಆಸ್ಪತ್ರೆಯವರು ಹೇಳಿರುವುದಾಗಿಯೂ, ತಾಯಿಯವರ ಹುಣ್ಣನ್ನು ಹಾಗೇ ಬಿಟ್ಟರೆ ಕೀವಾಗುವುದರಿಂದ ಬಂದಿರುವುದಾಗಿಯೂ ತಿಳಿಸಿದರು. ಗಾಡಿಯನ್ನು ಪರೀಕ್ಷಿಸಿದ ಅಧಿಕಾರಿಗಳು ದೋಷವಿಲ್ಲವೆಂದು ಬರೆದಿದ್ದಾರೆಂದೂ ಹೇಳಿದರು. ನೀವೇನು ಬರೆಸಿದಿರಿ ಎಂದು ಕೇಳಿದೆನು. “ಕೈ ಸಡಿಲ ಆಗಿರಬೇಕು ಅಂತ ಬರೆಸಿದೆ ಅಣ್ಣ. ಹಿಡಿದೇ ಇದ್ದೆ ಅಂತ ಅನ್ಸುತ್ತೆ. ಆದ್ರೆ ಗಾಡಿ ವಿಷಯ ಗೊತ್ತಿರೋ ನೀವೇ ಹೇಳಿದ್ಮೇಲೆ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು” ಎಂದರು.

ಅವರು ಹೋದ ಮೇಲೆ ತಾಯಿಯವರು, “ಗಾಡಿ ಬಿಚ್ಚಿ ನೋಡಿದ್ಯೇನೋ?” ಎಂದು ಕೇಳಿದರು. ಇಲ್ಲ ಎಂದೆನು. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಆ ದಿನ ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ಮಧ್ಯಾಹ್ನ ಠಾಣೆಗೆ ಬಂದು, ನನ್ನ ಮುಂದೆ ಗಾಡಿಯನ್ನು ಬಿಸಿಯಾಗಿ ಓಡಿಸಿ ನೋಡಲು ಅವಕಾಶ ಕೊಡಬೇಕೆಂದು ಸಬ್ ಇನ್‌ಸ್ಪೆಕ್ಟರ್‌ರವರನ್ನು ಕೇಳಿಕೊಂಡೆನು.

10ರಂದು ಬೆಳಿಗ್ಗೆ 11 ಗಂಟೆಗೆ ಠಾಣೆಯ ಕಾಂಪೌಂಡಿನೊಳಗೆ ಗಾಡಿಯನ್ನು ಮೂವತ್ತೈದು ನಿಮಿಷ ಸುತ್ತು ಹಾಕಿಸಿದೆನು. ಆಮೇಲೆ ಕೈ ಸಡಿಲಾಯಿತೆಂದು ಯಾರೂ ಅನ್ನಬಾರದೆಂದು ಕ್ಲಚ್ ಹಿಡಿಯನ್ನು ಪೂರ್ತಿ ಒತ್ತಿ ಹ್ಯಾಂಡಲ್ಲಿಗೆ ಹಗ್ಗದಿಂದ ಬಿಗಿದು ಕಟ್ಟಿದೆನು. ಒಂದನೇ ಗೇರು ಹಾಕಿದೆನು. ಎರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ಗಾಡಿ ಐದಡಿ ನುಗ್ಗಿ ಗೋಡೆಗೆ ತಾಗಿತು. ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್‌ರವರು, “ಅಯ್ಯೋ, ನಿಲ್ಸಯ್ಯ ಮಾರಾಯ! ಇನ್ನೊಬ್ಬರ ಕಾಲೂ ಮುರೀತೀಯ?” ಎಂದು ಹಾರಿ ನಿಂತರು. ಹಗ್ಗ ಕಟ್ಟಿದ ಹಾಗೇ ಇತ್ತು. ನಂತರ ಎಲ್ಲರ ಮುಂದೆ ಕ್ಲಚ್ ಬಿಚ್ಚಿದೆನು. ಹೌಸಿಂಗಿನ ಕಚ್ಚುಗಳು ಉಗುರು ಕೂರುವಷ್ಟು ಆಳವಾಗಿದ್ದವು. ಬಿಸಿಯಾದಾಗ ಪ್ಲೇಟುಗಳು ಅವುಗಳಲ್ಲಿ ಸಿಕ್ಕಿಕೊಂಡು, ಕ್ಲಚ್ ಹಿಡಿದರೂ ಎಂಜಿನ್ನು ಚಕ್ರವನ್ನು ತಿರುಗಿಸುತ್ತದೆ. ಮೊದಲಿನ ಹಾಗೆ ಬಿಟ್ಟಿದ್ದರೆ ಎಂಜಿನ್ ಆಫ್ ಆಗಿ ಗಾಡಿ ನಿಲ್ಲುತ್ತಿತ್ತು. ನಾನು ಓಟ ಹೆಚ್ಚಿಸಿದ್ದರಿಂದ ನುಗ್ಗಿತು. ಇದನ್ನು ಬರೆದುಕೊಂಡರೆ ನಿಮ್ಮ ಮೇಲೇ ಬರುತ್ತದೆ, ಗೊತ್ತಿದೆಯೇ ಎಂದು ಸಬ್ ಇನ್‌ಸ್ಪೆಕ್ಟರ್‌ರವರು ಕೇಳಿದರು. ಗೊತ್ತಿದೆ ಎಂದೆನು.

ಅದೇ ದಿನ ಸಂಜೆ 5 ಗಂಟೆಗೆ ಆಸ್ಪತ್ರೆಗೆ ಹೋಗಿ ಚಾವಿ ತಾತನಿಗೆ ಎಲ್ಲವನ್ನೂ ತಿಳಿಸಿದೆನು. ಅವರು, “ಬೀಗ ತೆಗಿಯಲ್ಲ ಅಂತ ತಂದ್ರೆ ನಾನು ಬೀಗ ನೋಡ್ತೀನಪ್ಪ. ತಂದವರ ಕೈ ನೋಡಲ್ಲ” ಎಂದರು.

6.30ಕ್ಕೆ ಸಿಸ್ಟರ್ ಅವರ ಮನೆಗೆ ಹೋದೆನು. ಬಾಗಿಲಲ್ಲೇ ನಿಂತು ಡಿಸೆಂಬರ್ 9ರಿಂದ ನಡೆದದ್ದನ್ನು ಒಂದೂ ಬಿಡದೆ ಹೇಳಿದೆನು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದರು. “ಮೂರು ಸಲ ಬಂದಿದ್ದೆನಲ್ಲ ಅಣ್ಣ. ಮೂರು ಸಲ” ಎಂದರು. ಆಮೇಲೆ ಕಣ್ಣೀರು ಬಂತು. ಅಳುತ್ತಲೇ, “ನಾಳೆ ಅಮ್ಮನಿಗೆ ಪಟ್ಟಿ ಬದಲಿಸೋ ದಿನ. ಬರ್ತೀನಿ. ಆದ್ರೆ ನಿಮ್ಮ ಜೊತೆ ಮಾತಾಡೋದಿಲ್ಲ” ಎಂದು ಬಾಗಿಲು ಹಾಕಿಕೊಂಡರು.

ಸಿಸ್ಟರ್ ತಮ್ಮ ಹೇಳಿಕೆಯಲ್ಲಿ ಒಪ್ಪಿಕೊಂಡಿರುವ ತಪ್ಪು ಅವರದಲ್ಲ. ಆ ಮಾತು ಅವರ ಬಾಯಿಂದ ಬರುವಂತೆ ಮಾಡಿದವನು ನಾನು. ಅವರ ಮೇಲಿನ ಆರೋಪವನ್ನು ಕೈಬಿಟ್ಟು, ನನ್ನ ಮೇಲೆ ಕಾನೂನಿನ ಪ್ರಕಾರ ಆಗಬೇಕಾದದ್ದನ್ನು ಮಾಡಬೇಕಾಗಿ ಕೋರುತ್ತೇನೆ.

ಇಂದು ಬೆಳಿಗ್ಗೆ 7.30ಕ್ಕೆ ಸಿಸ್ಟರ್ ಬಂದರು. ತಾಯಿಯವರೊಂದಿಗೆ ಎಂದಿನಂತೆ ಮಾತನಾಡುತ್ತ ಪಟ್ಟಿ ಬದಲಿಸಿದರು. ಏನೋ ತಮಾಷೆಗೆ ತಾಯಿಯವರು ನಕ್ಕಿದ್ದು ಕೆಳಗೆ ನನಗೆ ಕೇಳಿಸಿತು. 7.55ಕ್ಕೆ ಇಳಿದು, ನನ್ನ ಕಡೆ ನೋಡದೆ ಹೋದರು. ಅವರು ರಸ್ತೆಯ ತಿರುವು ದಾಟುವವರೆಗೆ ನಿಂತಿದ್ದು, ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಿರುತ್ತೇನೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದರಲ್ಲಿದೆ, ಎಲ್ಲವೂ ನಿಜ, ಯಾರ ಒತ್ತಾಯವೂ ಇಲ್ಲವೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಮಾರ್ಚ್ 11, ಬೆಳಿಗ್ಗೆ 9.20
(ಸಹಿ) ಮೇಸ್ತ್ರಿ