ಮೂರನೆಯದನ್ನು ಯಾರೂ ಕೇಳಲಿಲ್ಲ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರಾದ ಕೊಟ್ರಬಸಪ್ಪನವರೇ, ತಾಲ್ಲೂಕು ಕಚೇರಿಯ ಕೆಲಸ ಬದಿಗಿಟ್ಟು ಬಂದಿರುವ ಮುಖ್ಯ ಅತಿಥಿಗಳೇ, ಗುರುವೃಂದದವರೇ, ಈ ಸಲ ಎಸ್ಸೆಸ್ಸೆಲ್ಸಿ ಪಾಸಾಗಿ ಸನ್ಮಾನಕ್ಕೆ ಕುಳಿತಿರುವ ಮಕ್ಕಳೇ, ಅವರು ಪಾಸಾಗಲೆಂದು ಹರಕೆ ಹೊತ್ತ ತಾಯಂದಿರೇ, ಹಾಗೂ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ನನ್ನ ಹೆಸರು ಸುಂಕಪ್ಪ. ಈ ಹೂವಿನಹಡಗಲಿಯ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆಯ ಪುಟ್ಟಿಗಳನ್ನು ದಾವಣಗೆರೆ, ಹುಬ್ಬಳ್ಳಿ ಬಸ್ಸುಗಳ ಮೇಲೆ ಏರಿಸುವ ನನ್ನನ್ನು ತಾವೆಲ್ಲ ನೋಡಿದ್ದೀರಿ. ನನ್ನ ಮಗಳು ಜಂಬಕ್ಕ ಈ ವರ್ಷ ಶಾಲೆಗೆ ಮೊದಲು ಬಂದಿದ್ದಾಳೆ. ಆ ಒಂದೇ ಕಾರಣಕ್ಕೆ ಪೋಷಕರ ಪರವಾಗಿ ಎರಡು ಮಾತನಾಡುವ ಗೌರವ ನನಗೆ ಸಿಕ್ಕಿದೆ. ಇನ್ನೊಂದು ಕಾರಣವನ್ನು ಹೆಡ್‌ಮಾಸ್ತರರು ನಗುತ್ತಾ ಹೇಳಿದರು. ಪ್ರಾಯದಲ್ಲಿ ನಾನು ನಾಟಕಗಳಲ್ಲಿ ಧರ್ಮರಾಯನ ಪಾತ್ರ ಮಾಡುತ್ತಿದ್ದೆ. ಧರ್ಮರಾಯನಿಗೆ ಮಾತು ಕಡಿಮೆ, ನಾನು ಸೇರಿಸಿಕೊಂಡು ಹೇಳುತ್ತಿದ್ದೆ. ಇವತ್ತೂ ಹಾಗೇನಾದರೂ ಆದರೆ ದೊಡ್ಡ ಮನಸ್ಸು ಮಾಡಿ ಸಹಿಸಿಕೊಳ್ಳಬೇಕು.

ನನಗೆ ಕೊಟ್ಟಿರುವ ವಿಷಯ, ಎಸ್ಸೆಸ್ಸೆಲ್ಸಿ ಆಯಿತು, ಮುಂದೇನು? ಪಿಯುಸಿಯಲ್ಲಿ ಸೈನ್ಸೋ, ಕಾಮರ್ಸೋ, ಆರ್ಟ್ಸೋ? ಇದಕ್ಕೆ ಭಾಷಣ ಬೇಕೇ? ಉತ್ತರ ನಮ್ಮ ಊರಿನ ಚಹಾದಂಗಡಿಯಲ್ಲೇ ಸಿಗುತ್ತದೆ. ಫಸ್ಟ್ ಕ್ಲಾಸಿಗೆ ಸೈನ್ಸು, ಸೆಕೆಂಡ್ ಕ್ಲಾಸಿಗೆ ಕಾಮರ್ಸು, ಉಳಿದವರಿಗೆ ಆರ್ಟ್ಸು. ನಾವು ಮೊಗ್ಗು ಆರಿಸುವುದೂ ಹೀಗೆಯೇ. ದಪ್ಪ ಮೊಗ್ಗು ದೂರದ ಊರಿಗೆ, ಮಧ್ಯಮದ್ದು ಹತ್ತಿರದ ಸಂತೆಗೆ, ಅರಳಿಬಿಟ್ಟದ್ದು ಊರ ಗುಡಿಗೆ. ಆದರೆ ಸಭಿಕರೇ, ತಾನು ಇಂಥ ಊರಿಗೇ ಹೋಗಬೇಕೆಂದು ಯಾವ ಮೊಗ್ಗೂ ಇವತ್ತಿನವರೆಗೆ ನನ್ನ ಮುಂದೆ ಮುಖ ಸಣ್ಣದು ಮಾಡಿಕೊಂಡು ಕುಳಿತಿಲ್ಲ. ಮಕ್ಕಳು ಕುಳಿತುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಒಬ್ಬಳು ಕುಳಿತಿದ್ದಾಳೆ.

ರಿಸಲ್ಟು ಬಂದ ದಿನವೇ ನನ್ನ ಹೆಂಡತಿ ದುರುಗಮ್ಮನ ತಮ್ಮ ಗಾದಿಲಿಂಗಪ್ಪ ಹಗರಿಬೊಮ್ಮನಹಳ್ಳಿಯಿಂದ ಬಸ್ಸಿಳಿದು ಬಂದ. ಪ್ರೈಮರಿ ಶಾಲೆಯ ಮಾಸ್ತರ. ಇಲ್ಲೇ ಎರಡನೆಯ ಸಾಲಿನ ಕೊನೆಯಲ್ಲಿ ಕುಳಿತಿದ್ದಾನೆ. ಬಂದವನು ಕಾಲಿಗೆ ನೀರು ಸಹ ತೆಗೆದುಕೊಳ್ಳದೆ ಹೇಳಿದ.

"ಭಾವಾ, ಹುಡುಗಿಗೆ ಸೈನ್ಸ್ ಕೊಡಸ್ರಿ. ಡಾಕ್ಟರ್ ಆಗ್ಲಿ. ನಮ್ಮ ಕಡೆ ಹೆಣ್ಮಕ್ಕಳನ್ನ ನೋಡಾಕ ಒಬ್ಬಾಕಿ ಬೇಕು."

ಅವನು ಯಾಕೆ ಹಾಗೆ ಹೇಳಿದ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನ ಹೆಂಡತಿ ಪಕ್ಕೀರಮ್ಮ ಚೊಚ್ಚಲ ಹೆರಿಗೆಯ ನೋವಿನಲ್ಲಿ, ಬಂಡಿಯಲ್ಲಿ, ಆಸ್ಪತ್ರೆ ಇರುವ ಊರು ಮುಟ್ಟುವುದರೊಳಗೆ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅವನು ಮತ್ತೆ ಮದುವೆಯಾಗಲಿಲ್ಲ. ಜಂಬಕ್ಕನಿಗೆ ಪಾಟಿಯ ಮೇಲೆ ಅಕ್ಷರ ತಿದ್ದಿಸಿದವನು ಅವನೇ. ಇಂಥವನು ಸೈನ್ಸ್ ಎಂದರೆ ಬೇಡ ಎನ್ನುವುದು ಹೇಗೆ?

ಆದರೂ ನಾನು ಬೇಡ ಎಂದೆ. ಕಾಮರ್ಸ್ ಎಂದೆ. ಬ್ಯಾಂಕಿನ ಕೆಲಸ ಸಿಗುತ್ತದೆ, ಗೌರವದ ಕೆಲಸ, ನೆರಳಿನಲ್ಲಿ ಕುಳಿತು ಮಾಡುವ ಕೆಲಸ ಎಂದೆಲ್ಲ ವಾದಿಸಿದೆ. ಧರ್ಮರಾಯನಿಗಿಂತ ಚೆನ್ನಾಗಿ ವಾದಿಸಿದೆ. ಸೈನ್ಸ್ ಓದಬೇಕಾದರೆ ಅವಳು ಹರಪನಹಳ್ಳಿಯಲ್ಲಿ ನಮ್ಮ ತಂಗಿಯ ಮನೆಯಲ್ಲಿರಬೇಕಿತ್ತು. ಕಾಮರ್ಸ್ ಆದರೆ ಊರಲ್ಲೇ ಇದೆ, ದಿನಾ ಸಂಜೆ ಮನೆಗೆ ಬರುತ್ತಾಳೆ. ನಾನು ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ಎದುರಿಗೆ ಅವಳೂ ಕುಳಿತಿರುತ್ತಾಳೆ. ಇದನ್ನು ನಾನು ಗಾದಿಲಿಂಗಪ್ಪನಿಗೆ ಹೇಳಿರಲಿಲ್ಲ. ಈಗ ಎಲ್ಲರಿಗೂ ಹೇಳಿದಂತಾಯಿತು, ಇರಲಿ.

ಇಬ್ಬರೂ ಸೋಲಲಿಲ್ಲ. ಅನ್ನ ಬಡಿಸುವ ಹೊತ್ತಿಗೆ ಜಗಳ, ಎಲೆ ಅಡಿಕೆಯ ಹೊತ್ತಿಗೆ ಜಗಳ. ಕೊನೆಗೆ ನಮ್ಮ ಹಿರಿಯರು ಮಾಡುತ್ತಿದ್ದುದನ್ನೇ ಮಾಡಿದೆವು. ಊರಮ್ಮನ ಗುಡಿಗೆ ಹೋಗಿ ಹೂ ಕೇಳಿದೆವು. ಮುಖ್ಯ ಅತಿಥಿಗಳು ಬೇರೆ ಜಿಲ್ಲೆಯವರು, ಅವರಿಗಾಗಿ ಹೇಳುತ್ತೇನೆ. ಪೂಜಾರಿ ದೇವಿಯ ಎರಡೂ ಭುಜಗಳಿಗೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ತಾಯಿಯ ಅಪ್ಪಣೆ. ನೆಂಟಸ್ತನ, ಬಾವಿ ತೋಡುವುದು, ದೂರದ ಪ್ರಯಾಣ, ನಮ್ಮಲ್ಲಿ ಎಲ್ಲದಕ್ಕೂ ಕೇಳುತ್ತಾರೆ. ಪಿಯುಸಿಗೆ ಕೇಳಿದವರು ಬಹುಶಃ ನಾವೇ ಮೊದಲಿಗರು.

ಪೂಜಾರಿ ಚೌಡಣ್ಣ ಕೇಳಿದ, "ಬಲಕ್ಕ ಏನು, ಎಡಕ್ಕ ಏನು, ಬಾಯಿಬಿಟ್ಟು ಹೇಳ್ರಿ. ತಾಯಿಗೆ ಗೊಂದಲ ಆಗಬಾರದು."

ಬಲಕ್ಕೆ ಸೈನ್ಸ್, ಎಡಕ್ಕೆ ಕಾಮರ್ಸ್ ಎಂದೆವು. ಹೂ ನನ್ನದೇ. ಇಷ್ಟು ವರ್ಷ ಹೂವಿನಲ್ಲೇ ಬದುಕಿದ ನನಗೆ ಒದ್ದೆ ಮಲ್ಲಿಗೆ ಯಾಕೆ ಬೀಳುತ್ತದೆ, ಯಾವಾಗ ಬೀಳುತ್ತದೆ ಎಂದು ತಿಳಿಯದೇ? ನೀರು ಆರಿದರೆ ಬೀಳುತ್ತದೆ. ಆದರೆ ಗುಡಿಯ ಒಳಗೆ, ದೀಪದ ಮುಂದೆ, ಕೈ ಮುಗಿದು ನಿಂತಾಗ ಆ ತಿಳಿವಳಿಕೆ ಹೊರಗೆ ಚಪ್ಪಲಿಯ ಹತ್ತಿರವೇ ಉಳಿದಿತ್ತು. ಬಲಗಡೆಯ ಹೂ ಬಿತ್ತು. ಗಾದಿಲಿಂಗಪ್ಪ ಗುಡಿಯ ಕಟ್ಟೆಯ ಮೇಲೆ ಕುಳಿತು ಮಗುವಿನ ಹಾಗೆ ಅತ್ತ. ಆಮೇಲೆ ಓಣಿಗೆಲ್ಲ ಸಕ್ಕರೆ ಹಂಚಿದ. ನಾನೂ ಒಪ್ಪಿಕೊಂಡೆ. ತಾಯಿಯ ಮಾತಿಗೆ ಎದುರಾಡುವವನಲ್ಲ ನಾನು.

ಆ ಸಂಜೆ ದುರುಗಮ್ಮ ರೊಟ್ಟಿ ಬಡಿಯುತ್ತಾ, ನನ್ನ ಕಡೆ ತಿರುಗದೆ ಕೇಳಿದಳು.

"ಮೂರು ಅದಾವಂತಲ್ಲ, ಮೂರನೇದನ್ನ ಯಾಕ ಕೇಳ್ಲಿಲ್ಲ?"

"ಯಾವ ಮೂರನೇದು? ತಾಯಿಗೆ ಇರಾವು ಎರಡ ಭುಜ" ಎಂದೆ ನಾನು.

"ಮಗಳಿಗೆ ಬಾಯಿ ಐತಲ್ಲ" ಎಂದಳು.

ಸಭಿಕರೇ, ಜಂಬಕ್ಕ ಅಲ್ಲೇ ಒಲೆಯ ಪಕ್ಕ ಕುಳಿತಿದ್ದಳು. ಗುಡಿಗೂ ನಮ್ಮ ಜೊತೆ ಬಂದಿದ್ದಳು. ಹೂವಿನ ತಟ್ಟೆ ಹಿಡಿದುಕೊಂಡು ನಿಂತವಳು ಅವಳೇ. ನಾವು ಪೂಜಾರಿಗೆ ಹೇಳಿದೆವು, ಪೂಜಾರಿ ದೇವಿಗೆ ಹೇಳಿದ, ದೇವಿ ಹೂ ಕೊಟ್ಟಳು. ತಟ್ಟೆ ಹಿಡಿದವಳನ್ನು ಮಾತ್ರ ಯಾರೂ ಏನನ್ನೂ ಕೇಳಿರಲಿಲ್ಲ. ಅಂದು ಕೇಳಿದೆ. ನೀನು ಏನು ಓದಬೇಕು ಎಂದುಕೊಂಡಿದ್ದೀ ಎಂದು ಕೇಳಿದೆ.

"ರಾಜ್ಯಶಾಸ್ತ್ರ ಅಪ್ಪಾ. ಆರ್ಟ್ಸ್ ತಗೊಂಡ್ರ ಸಿಗತೈತಿ."

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಫಸ್ಟ್ ಕ್ಲಾಸ್ ಬಂದವಳು ಆರ್ಟ್ಸಿಗೆ ಹೋದರೆ ಬಸ್ ಸ್ಟ್ಯಾಂಡಿನಲ್ಲಿ ನಾನು ತಲೆ ಎತ್ತಿ ನಿಲ್ಲುವುದು ಹೇಗೆ ಎಂದೆ. ಅದಕ್ಕೆ ಅವಳು ಒಂದು ಹಳೆಯ ಸಂಗತಿ ನೆನಪಿಸಿದಳು. ಸ್ಕಾಲರ್‌ಶಿಪ್ಪಿಗೆ ಬೇಕಾದ ಒಂದು ಸರ್ಟಿಫಿಕೇಟಿಗಾಗಿ ಅವಳೂ ಅವಳ ಅವ್ವನೂ ಒಂದು ಸರ್ಕಾರಿ ಕಚೇರಿಗೆ ಮತ್ತೆ ಮತ್ತೆ ಅಲೆದಿದ್ದರು. ನಾಳೆ ಬಾ, ಸಾಹೇಬರಿಲ್ಲ, ಸೋಮವಾರ ಬಾ. ಅದು ಯಾವ ಕಚೇರಿ ಎಂದು ಈ ವೇದಿಕೆಯಲ್ಲಿ ಹೇಳುವುದು ಸಭ್ಯತೆಯಲ್ಲ. ಮುಖ್ಯ ಅತಿಥಿಗಳು ನಗುತ್ತಿದ್ದಾರೆ, ಅಷ್ಟು ಸಾಕು.

"ಅವ್ವನ್ನ ಅಲ್ಲಿ ಯಾರೂ ಕುಂದ್ರು ಅನ್ಲಿಲ್ಲ. ಯಾರು ಯಾರ ಮಾತು ಕೇಳಬೇಕು ಅಂತ ಎಲ್ಲೋ ಬರದಿರತೈತಿ ಅಪ್ಪಾ. ಅದನ್ನ ನಾನು ಓದಬೇಕು" ಎಂದಳು.

ಅವಳ ಆಸಕ್ತಿ ಅಂದು ಹುಟ್ಟಿದ್ದಲ್ಲ. ಈ ವರ್ಷ ಜನವರಿಯಲ್ಲಿ ಬೆಂಗಳೂರಿನಲ್ಲಿ ಸರ್ಕಾರ ಬದಲಾದಾಗ, ರೇಡಿಯೋದ ವಾರ್ತೆಗೆ ಕಿವಿ ಹಚ್ಚಿ ಕೂತು, ಪೂರ್ತಿ ಬಹುಮತ ಇಲ್ಲದೆ ಸರ್ಕಾರ ಹೇಗೆ ಮಾಡುತ್ತಾರೆ ಎಂದು ನನ್ನನ್ನು ಕೇಳಿದ್ದಳು. ಓದುವುದು ಬಿಟ್ಟು ಇದೆಲ್ಲ ಯಾಕೆ ಎಂದು ಗದರಿದ್ದೆ. ಅದೂ ಒಂದು ಓದು ಎಂದು ನನಗೆ ಹೊಳೆಯಲಿಲ್ಲ. ನನಗೆ ಯಾಕೆ ಹೊಳೆಯಬೇಕಿತ್ತು? ನಾನು ಹುಡುಗನಾಗಿದ್ದಾಗ ಕೊಟ್ಟೂರಿನಲ್ಲಿ ಕ್ಯಾಂಪು ಹಾಕಿದ್ದ ಒಂದು ನಾಟಕ ಕಂಪನಿಯ ಮಾಲೀಕರು ನನ್ನ ಪಾತ್ರ ನೋಡಿ, ನಮ್ಮ ಜೊತೆ ಬಾ ಎಂದು ಕರೆದಿದ್ದರು. ಗಂಟು ಕಟ್ಟಿಕೊಂಡಿದ್ದೆ. ನನ್ನ ಅಪ್ಪ ದೇವಿಯನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ, ಕೈಗೆ ಹೂವಿನ ಪುಟ್ಟಿ ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆ ತುಂಬಿದೆ, ಮನೆಯಾಗಿದೆ. ಆದರೂ ಯಾವುದಾದರೂ ಬಸ್ಸಿನ ಮೇಲೆ ನಾಟಕದ ಪರದೆ, ಪೆಟ್ಟಿಗೆ ಕಂಡರೆ ನಾನು ಇವತ್ತಿಗೂ ಆ ಕಡೆ ನೋಡುವುದಿಲ್ಲ. ಇದನ್ನು ಯಾಕೆ ಹೇಳಿದೆನೋ. ವಿಷಯಕ್ಕೆ ಬರುತ್ತೇನೆ.

ವಿಷಯ ಇಷ್ಟೇ. ಬಿದ್ದ ಹೂವನ್ನು ಮೀರುವುದು ನಮ್ಮಂಥವರಿಗೆ ಸಣ್ಣ ಮಾತಲ್ಲ. ನಾಳೆ ಹುಡುಗಿಗೆ ನೆಗಡಿ ಬಂದರೂ ಓಣಿಯವರು ಅದಕ್ಕೇ ಗಂಟು ಹಾಕುತ್ತಾರೆ. ನನಗೂ ಭಯವಿತ್ತು. ಮೊನ್ನೆ ನಾನೂ ದುರುಗಮ್ಮನೂ ಯಾರಿಗೂ ಹೇಳದೆ ಮತ್ತೆ ಗುಡಿಗೆ ಹೋದೆವು. ಚೌಡಣ್ಣ ಒಪ್ಪಲಿಲ್ಲ.

"ಕೇಳಿದ್ದನ್ನ ತಿರುಗಿ ಕೇಳಬಾರದು ಸುಂಕಪ್ಪಣ್ಣ. ತಾಯಿನ್ನ ನಿಮ್ಮನಿ ಆಳು ಅಂತ ತಿಳ್ಕೊಂಡೀರೇನು?"

ದುರುಗಮ್ಮ ಮುಂದೆ ಬಂದಳು. "ಅದನ್ನ ಕೇಳ್ಬ್ಯಾಡ್ರಿ. ಹುಡುಗಿ ಮಾತು ಕೇಳ್ಬೇಕೋ ಬ್ಯಾಡೋ, ಅಷ್ಟ ಕೇಳ್ರಿ. ಇದು ಬ್ಯಾರೆ ಪ್ರಶ್ನೆ ಐತಿ" ಎಂದಳು.

ಚೌಡಣ್ಣ ತಲೆ ಕೆರೆದುಕೊಂಡ, ಬೇರೆ ಪ್ರಶ್ನೆ ಹೌದು ಎಂದ. ಬಲಕ್ಕೆ ಕೇಳಬೇಕು, ಎಡಕ್ಕೆ ಬೇಡ ಎಂದು ಹೂ ಏರಿಸಿದ. ಕುಳಿತೆವು. ಎಡದ್ದೂ ಬೀಳಲಿಲ್ಲ, ಬಲದ್ದೂ ಬೀಳಲಿಲ್ಲ. ಚೌಡಣ್ಣ ಮಂಗಳಾರತಿ ಮಾಡಿದ, ಗಂಟೆ ಬಾರಿಸಿದ, ಬೇಡಿಕೊಂಡ. ಹೂ ಅಲುಗಲಿಲ್ಲ. ಹೊರಗೆ ಜಿಟಿಜಿಟಿ ಮಳೆ ಇತ್ತು, ಗುಡಿಯೊಳಗೆ ತಂಡಿ ಇತ್ತು, ನೀರು ಆರಲಿಲ್ಲ, ಅದಕ್ಕೇ ಬೀಳಲಿಲ್ಲ ಎಂದು ನನ್ನ ವ್ಯಾಪಾರದ ಬುದ್ಧಿ ಹೇಳಿತು. ದುರುಗಮ್ಮ ಸೆರಗು ಝಾಡಿಸಿ ಎದ್ದು ನಿಂತು ಬೇರೆಯದೇ ಹೇಳಿದಳು.

"ನಡೀರಿ ಮನಿಗೆ. ಹಡದವರು ನೀವು, ನನ್ನ ಯಾಕ ಕೇಳ್ತೀರಿ ಅಂತ ಸುಮ್ನ ಕುಂತಾಳ ತಾಯಿ."

ಯಾರದು ಸರಿ ಎಂದು ನಾನು ಇಲ್ಲಿ ತೀರ್ಮಾನ ಕೊಡುವುದಿಲ್ಲ. ನನಗೆ ತಿಳಿದದ್ದು ಇಷ್ಟು. ತಾಯಿ ಮೊದಲ ಸಲವೂ ತಪ್ಪು ಹೇಳಲಿಲ್ಲ. ನಾವು ಎರಡನ್ನು ಕೇಳಿದೆವು, ಅವಳು ಎರಡರಲ್ಲಿ ಒಂದನ್ನು ಕೊಟ್ಟಳು. ನಾವು ಕೇಳದೇ ಇದ್ದದ್ದನ್ನು ಅವಳಾದರೂ ಹೇಗೆ ಕೊಡಬೇಕು?

ಗಾದಿಲಿಂಗಪ್ಪಾ, ಇದು ನಿನಗೆ ಈಗಷ್ಟೇ ತಿಳಿಯುತ್ತಿದೆ. ಮನೆಯಲ್ಲಿ ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಾಗಲಿಲ್ಲ, ಮೈಕಿನ ಆಸರೆ ಬೇಕಾಯಿತು. ಪಕ್ಕೀರಮ್ಮನ ದುಃಖ ನಿನ್ನೊಬ್ಬನದಲ್ಲ, ಅವಳು ನನಗೂ ತಂಗಿಯ ಹಾಗೆ ಇದ್ದಳು. ಈ ಊರುಗಳಿಗೆ ಹೆಣ್ಣು ಡಾಕ್ಟರು ಬೇಕು ಎಂದು ನೀನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಆ ಹೊರೆಯನ್ನು ಕೇಳದೆ ಈ ಹುಡುಗಿಯ ತಲೆಯ ಮೇಲೆ ಇಡುವುದು ಬೇಡ. ಅವಳಾಗಿ ಎತ್ತಿಕೊಂಡರೆ ನಾನೇ ಹರಪನಹಳ್ಳಿ ಬಸ್ಸಿಗೆ ಹತ್ತಿಸಿ ಬರುತ್ತೇನೆ, ಒಬ್ಬನೇ ಕುಳಿತು ಉಣ್ಣುತ್ತೇನೆ.

ಜಂಬಕ್ಕ, ತಲೆ ಎತ್ತು ತಾಯಿ. ಇದು ನಾಟಕದ ಮಾತಲ್ಲ. ಸೋಮವಾರ ಅಡ್ಮಿಷನ್ನಿಗೆ ಕಡೆಯ ದಿನ. ಮಾವನ ಸಲುವಾಗಿ ಸೈನ್ಸ್ ಓದಬೇಕೆಂದು ನಿನ್ನ ಮನಸ್ಸಿಗೆ ಬಂದರೆ ಸೈನ್ಸ್ ಓದು, ಹೂ ಬಿತ್ತು ಎಂದು ಓದಬೇಡ. ರಾಜ್ಯಶಾಸ್ತ್ರವೇ ಬೇಕಾದರೆ ಅದನ್ನು ಓದು, ನಗುವವರ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಾನು ಮಾತಾಡಿಕೊಳ್ಳುತ್ತೇನೆ. ಕಾಲೇಜಿಗೆ ನಿನ್ನ ಜೊತೆ ಅವ್ವ ಬರುತ್ತಾಳೆ. ನಾನು ಬರುವುದಿಲ್ಲ. ನಾನು ಬಂದರೆ, ಯಾವ ವಿಭಾಗ ಬೇಕಮ್ಮ ಎಂದು ಅಲ್ಲಿಯವರು ನಿನ್ನನ್ನು ಕೇಳಿದಾಗ, ನೀನು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳಿಬಿಡುತ್ತೇನೆ.

ನಮ್ಮ ಮನೆಯ ಮಾತನ್ನು ತಮ್ಮ ಮನೆಯ ಮಾತೆಂಬಂತೆ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ಗುರುಗಳಿಗೆ, ಕುಳಿತವರಿಗೆ, ನಿಂತೇ ಕೇಳಿದವರಿಗೆ ನನ್ನ ಧನ್ಯವಾದಗಳು. ಎಲ್ಲರಿಗೂ ಕೈ ಮುಗಿದು ನಮಸ್ಕಾರ.