ಹಿಂದೆ ಯಾರೂ ಇಲ್ಲ

ಬಾಗಿಲು ಸರಿಯಾಗಿ ಹಾಕಿ. ಹೇಳ್ತೀನಿ, ಆದ್ರೆ ಮಧ್ಯದಲ್ಲಿ ಯಾರೂ ನಗಬಾರದು. ಇದು ಯಾರಿಗೋ ಎಲ್ಲೋ ಆಯ್ತಂತೆ ಅನ್ನೋ ಕತೆ ಅಲ್ಲ. ನಮ್ಮ ಚಿಕ್ಕಪ್ಪನ ಮಕ್ಕಳಿಗೇ ಆಗಿದ್ದು.

ಅವತ್ತು ಕತ್ತಲಾಗಿ ಬಹಳ ಹೊತ್ತಾಗಿತ್ತು. ಅಣ್ಣ ತಂಗಿ ಇಬ್ಬರೂ ಸೈಕಲ್ ತಳ್ಳಿಕೊಂಡು ಒಂದು ಏರು ಹತ್ತುತ್ತಾ ಇದ್ರು. ಏರಿನ ತುದಿಯಲ್ಲಿ ಒಂದು ಗೇಟು, ದನ ದಾಟದ ಹಾಗೆ ಹಾಕಿದ್ದು. ಗೇಟಿನಾಚೆ ದೊಡ್ಡ ಮರ, ಮರದ ಬುಡದಲ್ಲಿ ಹಾಳುಬಾವಿ. ಕಾಲ ಕೆಳಗೆ ಜಲ್ಲಿ… ಚರ್… ಚರ್… ಅದೊಂದೇ ಸದ್ದು.

ಅಣ್ಣನಿಗೆ ಸೈಕಲ್ ರಿಪೇರಿ ಅಂಗಡಿ ಇದೆ. ರಜಾ ಬಂತೂಂದ್ರೆ ಗುಂಪು ಕಟ್ಟಿಕೊಂಡು ಊರಾಚೆಯ ಜಲ್ಲಿ ದಾರಿಗಳಲ್ಲಿ ತುಳಿಯೋ ಹುಚ್ಚು. ಒಳ್ಳೇ ಡಾಂಬರು ರಸ್ತೆ ಇಲ್ವೇನೋ ಅಂದ್ರೆ ಹಲ್ಲು ಕಿರೀತಾನೆ. ಅವರ ಚಡ್ಡಿಗಳಿಗೆ ಕೂರೋ ಜಾಗದಲ್ಲಿ ಮೆತ್ತೆ ಇಟ್ಟು ಹೊಲಿದುಕೊಡೋಳು ನಾನೇ. ದಾರಿ ಎಷ್ಟು ಕೆಟ್ಟದ್ದು ಅನ್ನೋದು ನನಗೆ ಬಟ್ಟೆ ನೋಡಿದ್ರೇ ಗೊತ್ತಾಗುತ್ತೆ.

ಗುಂಪಲ್ಲಿ ಒಂದು ಪದ್ಧತಿ ಇದೆ. ಮುಂದಿನವನು ಗುಂಡಿ ಕಂಡರೆ "ಗುಂಡಿ!" ಅಂತಾನೆ. ಅವನ ಹಿಂದಿನವನು ತನ್ನ ಹಿಂದಿನವನಿಗೆ "ಗುಂಡಿ!" ಅಂತಾನೆ. ಹಾಗೇ ಮಾತು ಬಾಲದ ತನಕ ಹೋಗುತ್ತೆ. ಹಿಂದೆ ಯಾರಿಗಾದ್ರೂ ಪಂಚರ್ ಆದ್ರೆ, "ತಡೀರಿ" ಅನ್ನೋ ಮಾತು ಅದೇ ಥರ ಹಿಂದಿನಿಂದ ಮುಂದಕ್ಕೆ ಬರುತ್ತೆ. ನಮ್ಮವನು ಆಗೆಲ್ಲ ಎಲ್ಲರಿಗಿಂತ ಕೊನೆಯಲ್ಲಿ. ಬಿದ್ದವರನ್ನ ಎತ್ತಬೇಕು, ಕೆಟ್ಟ ಸೈಕಲ್ ಸರಿ ಮಾಡಬೇಕು, ಯಾರನ್ನೂ ಬಿಟ್ಟು ಬರಬಾರದು. ಅದಕ್ಕೇ ಅವನಿಗೆ 'ಬಾಲ' ಅಂತಲೇ ಹೆಸರಾಗಿಹೋಗಿದೆ. ಸವಾರಿ ಮುಗಿದ ಮೇಲೆ ಅವನು ಬಂದು "ಹಿಂದೆ ಯಾರೂ ಇಲ್ಲ" ಅನ್ನಬೇಕಿತ್ತು. ಆಮೇಲೇ ಎಲ್ಲರೂ ಮನೆಗೆ ಹೋಗ್ತಿದ್ದಿದ್ದು. ಆ ಒಂದು ಮಾತು ಹೇಳುವಾಗ ಅವನ ಮುಖ ನೋಡಬೇಕಿತ್ತು, ದೊಡ್ಡ ಸೇನಾಪತಿ!

ತಂಗಿ ಪುಟ್ಟಿಗೆ ಅದು ಮೊದಲ ಸವಾರಿ. ಹೊರಡುವಾಗ ಚಿಕ್ಕಮ್ಮ ಬಾಲನ ಕೈ ಹಿಡಿದು, "ನೋಡಪ್ಪಾ, ಇವಳು ನಿನ್ನ ಕಣ್ಣೆದುರೇ ಇರಬೇಕು" ಅಂದಿದ್ರು.

ಹೋಗಿದ್ದು ಹಳೇ ಗಡಿಯ ಕಡೆ. ಈಗ ಅಲ್ಲಿ ಗಡಿ ಇಲ್ಲ. ಅಲೆಅಲೆಯಾದ ಗುಡ್ಡ, ಮುರಿದ ಕಾವಲು ಗೋಪುರ, ಗಡಿಕಲ್ಲು ಅಷ್ಟೇ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಗುಂಪಿನ ಮುಂದಾಳು, ಅವರು ಶಾಲೆಯ ಮೇಷ್ಟ್ರು, ಒಂದು ವಿಷಯ ಹೇಳಿದ್ರಂತೆ. ಗಡಿ ಹಾಕಿದ ಹೊಸದರಲ್ಲಿ ಜನ ಕಾವಲಿನವರ ಕಣ್ಣು ತಪ್ಪಿಸಿ ರಾತ್ರೋರಾತ್ರಿ ಇದೇ ದಾರಿಯಲ್ಲಿ ಸಾಲುಗಟ್ಟಿ ದಾಟ್ತಿದ್ರಂತೆ. ದಾರಿ ತೋರಿಸೋನ ಕೈಲಿರೋ ಸಣ್ಣ ಕೆಂಪು ದೀಪ ಬಿಟ್ಟರೆ ಬೇರೆ ದೀಪ ಹಚ್ಚೋ ಹಾಗಿಲ್ಲ, ಕೂಗೋ ಹಾಗಿಲ್ಲ. ಮುಂದಿನವರು ಪಿಸುಗುಟ್ಟಿದ್ದನ್ನ ಹಿಂದಿನವರು ತಮ್ಮ ಹಿಂದಿನವರಿಗೆ ದಾಟಿಸ್ತಾ ಬರಬೇಕು.

"ನಮ್ಮ ಹಾಗೇ" ಅಂದ್ಲಂತೆ ಪುಟ್ಟಿ.

ಬರುವಾಗ ಅವಳಿಗೆ ಪಂಚರ್ ಮೇಲೆ ಪಂಚರ್. ಉಳಿದವರು ಮುಂದೆ ಹೋದ್ರು. ಕತ್ತಲಾಯ್ತು. ಅವಳ ಸೈಕಲ್ಲಿನ ಹಿಂಬದಿ ಕೆಂಪು ದೀಪ ಬೇರೆ ಹತ್ತೋದು, ಆರೋದು… ಹತ್ತೋದು, ಆರೋದು. "ಮನೆಗೆ ಹೋಗಿ ನೋಡ್ತೀನಿ ಬಿಡು" ಅಂದಿದ್ದ ಬಾಲ.

ಮೊದಲು ಹೇಳಿದ ಆ ಏರು ಹತ್ತುವಾಗ ಪುಟ್ಟಿ ಮುಂದಿನಿಂದ "ಗುಂಡಿ" ಅಂದ್ಲು. ಬಾಲನಿಗೆ ಬಾಯಿ ಅಭ್ಯಾಸ. ಹಿಂದೆ ಯಾರೂ ಇಲ್ಲದಿದ್ರೂ "ಗುಂಡಿ" ಅಂದ.

ಅವನ ಹಿಂದೆ… ಯಾರೋ ಪಿಸುಗುಟ್ಟಿದ್ರು.

"ಗುಂಡಿ…"

ಅದರ ಹಿಂದೆ ಇನ್ನೊಂದು ದನಿ. ಅದರ ಹಿಂದೆ ಮತ್ತೊಂದು. ಹೆಂಗಸಿನದು… ಮುದುಕನದು… ದೂರ, ದೂರ ಹೋಗಿ ಕೆಳಗೆ ಹಳ್ಳದಲ್ಲೆಲ್ಲೋ ನಿಂತ್ಕೊಳ್ತು.

ಪುಟ್ಟಿ ತಿರುಗಿದ್ಲು. "ಅಣ್ಣಾ, ಹಿಂದೆ ಯಾರಾದ್ರೂ ಬರ್ತಿದಾರಾ?"

"ನಾನೇ ಕೊನೆ ಕಣೇ. ಗುಡ್ಡದಲ್ಲಿ ದನಿ ಹಾಗೆ ತಿರುಗಿ ಬರುತ್ತೆ. ಸುಮ್ನೆ ನಡಿ."

ಹಾಗಂದ. ಹೆಜ್ಜೆ ಮಾತ್ರ ಜೋರು ಮಾಡಿದ.

ಗೇಟು ಬಂತು. ಪುಟ್ಟಿ ದಾಟಿದ್ಲು, ಇವನೂ ದಾಟಿದ. ಕೊನೆಯಲ್ಲಿ ಬಂದವನೇ ಗೇಟು ಮುಚ್ಚಬೇಕು. ಎಳೆದ… ಕಿರ್‌ರ್‌ರ್… ಬರಲಿಲ್ಲ. ಯಾರೋ ಒಬ್ಬೊಬ್ಬರಾಗಿ ದಾಟ್ತಾ ಇದ್ದಾರೇನೋ, ಗೇಟು ಹಿಡಿದಿದ್ದಾರೇನೋ ಅನ್ನೋ ಹಾಗೆ. ಆಮೇಲೆ ತಾನಾಗೇ ಹಗುರಾಗಿ… ಟಕ್. ಮುಚ್ಕೊಳ್ತು.

ತಿರುಗಿ ನೋಡಿದ್ರೆ ಪುಟ್ಟಿ ಹೊರಟುಬಿಟ್ಟಿದಾಳೆ. ದಾರಿಯಲ್ಲಿ ಮುಂದೆ ಕೆಂಪು ದೀಪ ಹೋಗ್ತಿದೆ. ಹತ್ತೋದು ಆರೋದು ಇಲ್ಲ, ನೆಟ್ಟಗೆ ಉರೀತಿದೆ. 'ಪರವಾಗಿಲ್ವೇ, ತಾನೇ ಸರಿಹೋಯ್ತು' ಅಂದ್ಕೊಂಡು ಹಿಂದೆ ಹಿಂದೆ ತುಳಿದ.

ಇಳಿಜಾರು ಬಂತು. ಇಳಿಜಾರಲ್ಲಿ ತುಳಿಯೋದು ಬಿಟ್ಟರೆ ಪುಟ್ಟಿಯ ಸೈಕಲ್ಲಿನ ಹಿಂಚಕ್ರ ಟಿಕ್ ಟಿಕ್ ಟಿಕ್ ಅನ್ನುತ್ತೆ, ಅವನೇ ಜೋಡಿಸಿದ್ದು. ಈಗ… ಟಿಕ್ ಇಲ್ಲ. ಜಲ್ಲಿಯ ಚರ್ ಅನ್ನೋದೂ ಇಲ್ಲ. ದೀಪ ಮಾತ್ರ ಹೋಗ್ತಿದೆ. ಅಷ್ಟರಲ್ಲಿ ಇವನ ಮುಂದಿನ ಚಕ್ರ ಧಡ್ ಅಂತ ಗುಂಡಿಗಿಳೀತು.

"ಗುಂಡಿ ಅನ್ನೋಕೆ ಏನೇ ನಿನಗೆ ರೋಗ?" ಅಂತ ಕೂಗಿದ.

ಕೆಂಪು ದೀಪ ನಿಂತ್ಕೊಳ್ತು. ಆಗ ಸರಿಯಾಗಿ ನೋಡಿದ. ಸೈಕಲ್ ಇರಲಿಲ್ಲ. ದೀಪ ಅಷ್ಟೇ ಇತ್ತು… ಯಾರೋ ಕೈಯಲ್ಲಿ ಹಿಡಿದು ಇವನಿಗಾಗಿ ಕಾಯ್ತಾ ಇರೋ ಹಾಗೆ.

ಆಗ ಹಿಂದಿನಿಂದ ಮಾತು ಬಂತು. ಮೊದಲು ಬಲು ದೂರದಲ್ಲಿ. ಆಮೇಲೆ ಸ್ವಲ್ಪ ಹತ್ತಿರ. ಬಾಯಿಂದ ಬಾಯಿಗೆ, ಬಾಯಿಂದ ಬಾಯಿಗೆ… ಕೊನೆಗೆ ಅವನ ಕಿವಿಯ ಪಕ್ಕದಲ್ಲೇ. ತಣ್ಣನೆಯ ಉಸಿರು.

"ತಡೀರಿ… ಒಬ್ಬಳು ಉಳಿದ್ಲು…"

ಸೈಕಲ್ ತಿರುಗಿಸಿದ. ಏರಲ್ಲಿ ಹೇಗೆ ತುಳಿದನೋ ದೇವರಿಗೇ ಗೊತ್ತು. ದಾರಿಯುದ್ದಕ್ಕೂ ಎರಡೂ ಪಕ್ಕ ಬಟ್ಟೆ ತಾಕಿದ ಹಾಗೆ ಸರ ಸರ… ಕಣ್ಣಿಗೆ ಯಾರೂ ಇಲ್ಲ.

ಮರದ ಹತ್ತಿರ ಪುಟ್ಟಿಯ ಸೈಕಲ್ ಒರಗಿತ್ತು. ದೀಪ ಆರಿತ್ತು. ಅದನ್ನ ತಟ್ಟಿ ನೋಡೋಕೆ ಅಂತ ಅವಳು ದಾರಿ ಬಿಟ್ಟು ಪಕ್ಕಕ್ಕೆ ಬಂದಿದ್ಲು. ಬಾವಿಗೆ ಕಟ್ಟೆ ಇರಲಿಲ್ಲ, ನೆಲಕ್ಕೆ ಸಮ. ಬಾಯಿಗೆ ಮುಚ್ಚಿದ್ದ ಹಲಗೆ ಕೊಳೆತು ಲಡ್ಡಾಗಿ, ಮೇಲೆ ಎಲೆ ತುಂಬಿತ್ತು. ಇವನು ಗೇಟಿನ ಜೊತೆ ಗುದ್ದಾಡ್ತಿದ್ದಾಗ, ಆ ಕಿರ್‌ರ್ ಸದ್ದಿನಲ್ಲಿ ಅವಳು ಬಿದ್ದಿದ್ದು ಕೇಳಿಸಲೇ ಇಲ್ಲ.

ಫೋನಿನ ಬೆಳಕು ಬಿಟ್ಟು ನೋಡಿದ. ಎದೆಮಟ್ಟ ನೀರು. ಕಲ್ಲೊಂದನ್ನ ತಬ್ಬಿ ನಿಂತಿದಾಳೆ. ದನಿ ಹೊರಡ್ತಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಚೀಲದಲ್ಲಿದ್ದ ಟ್ಯೂಬುಗಳನ್ನೆಲ್ಲ ಕತ್ತರಿಸಿ, ಒಂದಕ್ಕೊಂದು ಗಂಟು ಹಾಕಿದ. ಒಂದು ತುದಿ ಮರದ ಬೇರಿಗೆ ಕಟ್ಟಿ ಇನ್ನೊಂದನ್ನ ಕೆಳಗೆ ಬಿಟ್ಟ. ಪುಟ್ಟಿ ಅದನ್ನ ಕಂಕುಳ ಕೆಳಗೆ ಸುತ್ತಿ ಕಟ್ಟಿಕೊಂಡ್ಲು.

ಎಳೆದ. ರಬ್ಬರು ಹಿಗ್ಗಿತೇ ಹೊರತು ಅವಳು ಬರಲಿಲ್ಲ. ಮತ್ತೆ ಎಳೆದ. ಅಂಗೈ ಸುಲೀತು. "ಅಯ್ಯೋ, ಅಮ್ಮನಿಗೆ ಏನಂತ ಹೇಳ್ಲಿ" ಅಂತ ಅತ್ತೇಬಿಟ್ಟ.

ಆಗ… ಭಾರ ಇಳೀತು. ಅವನ ಬೆನ್ನ ಹಿಂದೆ ಯಾರೋ ಕೈ ಹಾಕಿದ್ರು. ಒಬ್ಬರಲ್ಲ. ಉಸಿರು ಕಟ್ಟಿ ಎಳೀತಾರಲ್ಲ, ಆ "ಹ್ಞುಂ… ಹ್ಞುಂ…" ಸಾಲಾಗಿ ಕೇಳಿಸ್ತಂತೆ. ಅವನು ತಿರುಗಿ ನೋಡಲಿಲ್ಲ.

ಪುಟ್ಟಿ ಮೇಲೆ ಬಂದ್ಲು. ಗಂಟು ಸಡಿಲವಾಗಿ ಟ್ಯೂಬು ಅವಳ ಮೈಯಿಂದ ಜಾರಿ ಮತ್ತೆ ಬಾವಿಗೆ ಬಿತ್ತು. ಡುಬುಕ್.

ಬಾಲ ಅವಳನ್ನ ತಬ್ಬಿಕೊಂಡು, ಅಭ್ಯಾಸದಂತೆ, ಗಟ್ಟಿಯಾಗಿ ಹೇಳಿದ. "ಎಲ್ಲಾ ಬಂದ್ರು! ಹಿಂದೆ ಯಾರೂ ಇಲ್ಲ!"

ಆ ಮಾತನ್ನ ಯಾರೂ ದಾಟಿಸಲಿಲ್ಲ.

ಆಮೇಲೆ ಬೆನ್ನ ಹಿಂದೆ ಮತ್ತೆ ಶುರುವಾಯ್ತು. "ಒಬ್ಬಳು ಉಳಿದ್ಲು… ಒಬ್ಬಳು ಉಳಿದ್ಲು…" ಈ ಸಲ ಹತ್ತಿರ, ಹತ್ತಿರ, ಸುತ್ತಲೂ. ಇವರಿಬ್ಬರೂ ಎದ್ದು ಬಿದ್ದು ಓಡಿದ್ರು. ಟ್ಯೂಬು ಬೇಡ, ಚೀಲ ಬೇಡ, ಸೈಕಲ್ಲೂ ಬೇಡ. ದೊಡ್ಡ ರಸ್ತೆಯಲ್ಲಿ ಗುಂಪಿನವರು ಕಾಯ್ತಿದ್ರು, ಅವರ ದೀಪ ಕಾಣೋ ತನಕ ನಿಲ್ಲಲಿಲ್ಲ.

ಚಿಕ್ಕಮ್ಮನಿಗೆ ಗೊತ್ತಾಗಬಾರದು ಅಂತ ನೇರ ನನ್ನ ಮನೆಗೇ ಬಂದ್ರು. ನಾನು ಹೊಲಿಗೆ ಮೆಷಿನ್ ಪಕ್ಕ ಪುಟ್ಟಿಯನ್ನ ಕೂರಿಸಿ ತಲೆ ಒರೆಸ್ತಿದ್ದೆ. ಅವಳು ಮೆಲ್ಲಗೆ ಕೇಳಿದ್ಲು.

"ಅಕ್ಕಾ… ಅಣ್ಣ ಬರೋಕೆ ಮುಂಚೆ ಯಾರೋ ಬಾವಿಗೆ ಬಗ್ಗಿ ಕೇಳಿದ್ರು. ನಿನ್ನ ಹಿಂದೆ ಇನ್ನೂ ಯಾರಾದ್ರೂ ಇದಾರಾ ಅಂತ."

"ನೀನು ಏನಂದೆ?"

"ಇಲ್ಲ, ನಾನೇ ಕೊನೆ ಅಂದೆ."

"ಆಮೇಲೆ?"

"ನನ್ನ ಪಕ್ಕದಲ್ಲಿ… ನೀರಲ್ಲಿ… ಯಾರೋ 'ಅಲ್ಲ' ಅಂದ್ರು."

ಬಾಲ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಅವರು ತನ್ನವಳನ್ನ ಎಳೆದುಕೊಟ್ರು, ತಾನು ಮಾತ್ರ ಅವರ ಮಗಳನ್ನ ಬಿಟ್ಟು ಓಡಿಬಂದೆ ಅನ್ನೋದು ಅವನಿಗೆ ಆಗಲೇ ಗೊತ್ತಾಗಿತ್ತು. ಇವತ್ತಿಗೂ ಅವನು "ಹಿಂದೆ ಯಾರೂ ಇಲ್ಲ" ಅನ್ನೋದಿಲ್ಲ. ಗುಂಪಿನ ಕೊನೆಯಲ್ಲೂ ತುಳಿಯೋದಿಲ್ಲ.

ಮಾರನೇ ದಿನ ಹಾಡಹಗಲಲ್ಲಿ ಸೈಕಲ್ ತರೋಕೆ ಹೋದ್ವಿ. ನಾನೂ ಹೋಗಿದ್ದೆ, ಹಾಗಾಗಿ ಇದು ಯಾರೋ ಹೇಳಿದ್ದಲ್ಲ. ಗೇಟು ಮುಚ್ಚಿತ್ತು. ಟ್ಯೂಬಿನ ಮೇಲಿನ ತುದಿ ಬೇರಿಗೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಬಾಲ ಬಾವಿ ಹತ್ತಿರ ಬರಲೇ ಇಲ್ಲ, ಅದಕ್ಕೆ ನಾನೇ ಎಳೆದೆ. ಹಗುರವಾಗಿ ಬಂತು.

ಕೆಳಗಿನ ತುದಿಯಲ್ಲಿ ಗಂಟು ಹಾಕಿತ್ತು. ಪುಟ್ಟಿ ಹಾಕಿದ ಗಂಟಲ್ಲ, ಅದು ಜಾರಿ ಹೋಗಿತ್ತಲ್ಲ. ಬೇರೆ ಗಂಟು, ಬಿಗಿಯಾಗಿ, ಒಂದು ಸೊಂಟಕ್ಕೆ ಸುತ್ತಿ ಕಟ್ಟಿದ ಹಾಗೆ. ನಾನು ಬಟ್ಟೆ ಹೊಲಿಯೋಳು, ಅಳತೆ ನನಗೆ ಕಣ್ಣಲ್ಲೇ ಸಿಗುತ್ತೆ. ಆದ್ರೂ ಸೊಂಟದಲ್ಲಿದ್ದ ಟೇಪು ತೆಗೆದು ಹಿಡಿದು ನೋಡಿದೆ.

ಮೂರೋ ನಾಲ್ಕೋ ವರ್ಷದ ಹುಡುಗಿಗೆ ಫ್ರಾಕ್ ಹೊಲಿಯೋ ಅಳತೆ.