ಎರಡು ರಿಂಗು

ಶಹಾಪುರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬ ಮುದುಕ, ಅವನ ಹೆಂಡತಿ ನಿಂತಿದ್ದರು. ಅವನ ಕೈಯಲ್ಲಿ ಹಳೆಯ ಬಟನ್ ಫೋನು.

"ಕಂಪನಿಯವ್ರು ಬರೇ ಕಳ್ಳರು, ಮೋನಮ್ಮ. ಹೊಸಾದು ಮಾರಾಕಂತ ಹಳೇದರ ಬ್ಯಾಟರಿ ಬಂದ್ ಮಾಡ್ಯಾರ."

"ದೊಡ್ಡ ಫೋನ್ ತಗೋರಿ. ಸಿನಿಮಾ ನೋಡಾಕ ಬರ್ತದ," ಅಂದಳು ಆಕೆ.

"ಅದರ ಚಾರ್ಜು ಮಧ್ಯಾಹ್ನಕ್ಕ ಮುಗೀತದ. ನಾ ಹೊಲಕ್ಕ ಕಾಲುವಿ ನೀರು ಬಿಡುವಾಗ, ಉಂಡ್ರೇನು ಅಂತ ನೀ ಎರಡು ರಿಂಗು ಕೊಡ್ತಿ. ಅವು ನನಗ ಹ್ಯಾಂಗ ಮುಟ್ಟಬೇಕು?"



ಅಂಗಡಿಯವನು ಡಬ್ಬಿ ತಡಕಾಡಿ ಒಂದು ಬ್ಯಾಟರಿ ಹಾಕಿಕೊಟ್ಟ. ಮೋನಮ್ಮ ಸೆರಗಿನ ಮರೆಯಲ್ಲಿ ತನ್ನ ಫೋನು ಒತ್ತಿದಳು. ಮುದುಕನ ಕೈಯಲ್ಲಿದ್ದದ್ದು ಎರಡು ಸಲ ರಿಂಗಾಗಿ ನಿಂತಿತು.

"ಇನ್ನಾ ಉಂಡಿಲ್ಲ," ಅಂದ ಅವನು, ಪಕ್ಕದಲ್ಲೇ ಇದ್ದವಳಿಗೆ. "ನಡಿ, ಕೂಡೇ ಉಣ್ಣೂಣು."